ರಸ್ತಾದ ರಾಯರು

ತ್ರ್ಯಂಬಕರಾಯರಿಗೆ 'ರಸ್ತಾದ ರಾಯರು' ಎಂಬ ಹೆಸರು ಬಿದ್ದದ್ದು ಮೂವತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ, ಬೈರಿದೇವರಕೊಪ್ಪದಲ್ಲಿ. ಅದಕ್ಕೂ ಮೊದಲು ಅವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ ಎನ್ನಬೇಕು. ಜಿಲ್ಲೆಯ ರಸ್ತೆಗಳನ್ನು ಮಾಡಿಸುವ ಲೋಕಲ್ ಬೋರ್ಡಿನ ಕಚೇರಿಯಲ್ಲಿ ಅವರು ಬರೀ ಓವರಸಿಯರ್. ಧಾರವಾಡದ ಸಪ್ತಾಪುರದಲ್ಲಿ ಅವರು ಬಾಡಿಗೆಗಿದ್ದ ಮನೆಯವರಿಗೆ 'ಹಿಂದಿನ ಕೋಣ್ಯಾಗಿನವರು'. 'ಇಲ್ಲೆ ಕೇಳ್ರಿ' ಎಂದು ಕರೆಯುತ್ತಿದ್ದ ಹೆಂಡತಿ ಮಂದಾಕಿನಿ ಮೂರು ವರ್ಷದ ಹಿಂದೆ ವಿಷಮಜ್ವರದಿಂದ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಸಂಜೆ ಕಚೇರಿಯಿಂದ ಬಂದರೆ ಮರುದಿನ ಬೆಳಗಿನವರೆಗೆ ಅವರು ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಒಮ್ಮೊಮ್ಮೆ ಬೆಳಿಗ್ಗೆ ಹಾಲಿನವಳೊಡನೆ ಮಾತಾಡಹೋದಾಗ ಗಂಟಲು ಕಟ್ಟಿದಂತಾಗಿ ಎರಡು ಸಲ ಕೆಮ್ಮಬೇಕಾಗುತ್ತಿತ್ತು.

ಆ ವರ್ಷಗಳಲ್ಲಿ ಹತ್ತಿಗೆ ದರವೇ ಇರಲಿಲ್ಲ. ಹುಬ್ಬಳ್ಳಿಯ ಜಿನ್ನುಗಳಲ್ಲಿ ಅರ್ಧಕ್ಕರ್ಧ ಬೀಗ ಹಾಕಿದ್ದುವು. ಬೈರಿದೇವರಕೊಪ್ಪದಿಂದ ದಿನಾ ನಸುಕಿನಲ್ಲೇ ಎದ್ದು ಹುಬ್ಬಳ್ಳಿಗೆ ನಡೆದುಹೋಗಿ ದುಡಿದು ಬರುತ್ತಿದ್ದ ಗಂಡಸರು ಈಗ ಹಗಲೆಲ್ಲ ಗುಡಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಅವರ ಮುಂದೆ ಹುಲಿಮನೆಯ ಆಟ ಹೂಡಿರುತ್ತಿತ್ತು. ಕಾಯಿ ನಡೆಸುವ ಉಮೇದಿ ಮಾತ್ರ ಯಾರಲ್ಲೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ಬೈರಿದೇವರಕೊಪ್ಪದಿಂದ ಗಾಮನಗಟ್ಟಿಯವರೆಗೆ ಕಲ್ಲೊಡೆದ ಖಡಿ ಹಾಕಿ ರಸ್ತೆ ಮಾಡಲು ಬೋರ್ಡಿನಿಂದ ಒಂದು ಸಣ್ಣ ಮೊತ್ತ ಮಂಜೂರಾಯಿತು. ಅದನ್ನು ಮಾಡಿಸಲು ತ್ರ್ಯಂಬಕರಾಯರನ್ನು ಕಳಿಸಿದರು.

ಅವರಿಗೆ ಬೇಕಾದದ್ದು ಎಂಬತ್ತು ಆಳು. ಮೊದಲ ದಿನ ಬೆಳಿಗ್ಗೆ ಚಾವಡಿಯ ಮುಂದೆ ಮುನ್ನೂರು ಜನ ನಿಂತಿದ್ದರು. ಸುತ್ತಲಿನ ಮೂರು ಹಳ್ಳಿಗಳಿಂದ ಬಂದವರು. ಕೆಲವರು ಕೈಯಲ್ಲಿ ತಮ್ಮ ಸ್ವಂತ ಸಲಿಕೆಯನ್ನೇ ಹಿಡಿದುಕೊಂಡು ಬಂದಿದ್ದರು. ದಿನಕ್ಕೆ ನಾಲ್ಕಾಣೆ ಎಂದು ರಾಯರು ಹೇಳುವ ಮೊದಲೇ, 'ಮೂರು ಕೊಟ್ರೂ ಬರ್ತೇವ್ರಿ' ಎಂದು ಹಿಂದಿನಿಂದ ಯಾರೋ ಕೂಗಿದರು. ರಾಯರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಆಗ ಎತ್ತರದ, ಹರಕು ರುಮಾಲಿನ ಒಬ್ಬ ಮನುಷ್ಯ ಮುಂದೆ ಬಂದ.

"ನನ್ನ ಹೆಸರು ಅಮೀನಸಾಬ ಅಂತ್ರಿ. ಹುಬ್ಬಳ್ಯಾಗ ಪ್ರೆಸ್ಸಿನ್ಯಾಗ ಹನ್ನೆರಡು ವರ್ಷ ಹತ್ತಿ ಅಂಡಿಗಿ ಕಟ್ಟೇನ್ರಿ, ಈಗ ಬೀಗ ಹಾಕ್ಯಾರ. ನನ್ನ ಮಾತ ಕೇಳ್ತೀರಂದ್ರ, ಎಂಬತ್ತ ಮಂದೀನ್ನ ಆರಿಸಬ್ಯಾಡ್ರಿ. ಒಂದ ವಾರ ಒಂದ ಓಣಿ, ಇನ್ನೊಂದ ವಾರ ಇನ್ನೊಂದ ಓಣಿ ಹಂಗ ಪಾಳಿ ಮಾಡ್ರಿ. ಎಲ್ಲಾರ ಮನಿ ಒಲಿನೂ ಹತ್ಕೊಳ್ಳಿ."

"ಛಲೋ ಹೇಳಿದಿ," ಎಂದರು ರಾಯರು. ಅವನನ್ನೇ ಮುಕಾದಮನನ್ನಾಗಿ ಮಾಡಿದರು.

ಶನಿವಾರ ಬಟವಾಡೆ. ಮೊದಲ ವಾರದ ಕೂಲಿ ಎಲ್ಲಿ ಹೋಯಿತೆಂಬುದನ್ನು ರಾಯರು ಕಣ್ಣಾರೆ ಕಂಡರು; ಜನ ಚಾವಡಿಯಿಂದ ಇಳಿದು ನೆಟ್ಟಗೆ ಕುಬೇರಪ್ಪನ ಅಂಗಡಿಗೆ ನಡೆದರು. ಕುಬೇರಪ್ಪ ಊರಿನ ಜೋಳದ ವ್ಯಾಪಾರಿ. ಅವನ ಮನೆಯ ಮುಂದೆ ನೆಲದಡಿಯಲ್ಲಿ ಎರಡು ದೊಡ್ಡ ಹಗೇವು ಇದ್ದುವು, ಎರಡರ ತುಂಬ ಜೋಳ. ಕೊಳ್ಳುವವರಿಲ್ಲದೆ ಎರಡು ವರ್ಷದಿಂದ ಅವುಗಳ ಬಾಯಿ ತೆರೆದಿರಲಿಲ್ಲ. ಆ ಭಾನುವಾರ ಅವನು ಆಳು ಹಚ್ಚಿ ಮಣ್ಣು ಕೆದರಿಸಿ, ಹಗೇವಿನ ಬಾಯಿ ತೆಗೆಸಿದ. ಹುಳಿ ಹುಳಿ ವಾಸನೆ ಓಣಿಯ ತುಂಬ ಹರಡಿತು. "ಇನ್ನೊಂದ ಮಳಿಗಾಲ ಕಳದಿದ್ರ ಎಲ್ಲಾ ಮಣ್ಣಪಾಲರೀ ರಾಯರ," ಎಂದ. ಅಷ್ಟು ಜನ ಒಮ್ಮೆಲೇ ಕೊಂಡರೂ ದರ ಒಂದು ಪೈಯೂ ಏರಲಿಲ್ಲ. ಏರಿಸಬೇಕೆಂದು ಅವನಿಗೂ ಅನಿಸಲಿಲ್ಲ. ಜೋಳ ಸಾಗಿದ್ದೇ ಅವನ ಪುಣ್ಯ.

ಮೂರನೆಯ ವಾರದ ಹೊತ್ತಿಗೆ ಕೂಲಿಯ ರೊಕ್ಕ ಜೋಳದ ಅಂಗಡಿಯನ್ನು ದಾಟಿ ಮುಂದೆ ಹೋಯಿತು. ಸಲಿಕೆ ಗುದ್ದಲಿ ಹಣಿಯಲು ಕಮ್ಮಾರ ಕುಲುಮೆ ಹೊತ್ತಿಸಿದ. ತಿಂಗಳಾನುಗಟ್ಟಲೆ ಸುಮ್ಮನಿದ್ದ ಒಂದು ಮಗ್ಗ ಮೊದಲು ಸದ್ದು ಮಾಡಿತು, ಆಮೇಲೆ ಅದರ ಪಕ್ಕದ್ದು. ಮುರಿಗೆವ್ವ ಎಂಬ ಮೂವತ್ತರ ಆಸುಪಾಸಿನ ವಿಧವೆಯೊಬ್ಬಳು ಮೊದಲ ವಾರ ಕೆಲಸದ ಜಾಗಕ್ಕೆ ಹತ್ತು ರೊಟ್ಟಿ ಮಾರಲು ತಂದು ಆರನ್ನು ಹಾಗೆಯೇ ಹೊತ್ತುಕೊಂಡು ಹೋಗಿದ್ದಳು. ಎರಡನೆಯ ತಿಂಗಳಿಗೆ ಅವಳಿಗೆ ಎರಡು ಬುಟ್ಟಿ ಸಾಲಲಿಲ್ಲ. ರೊಟ್ಟಿ ಬಡಿಯಲು ನೆರೆಮನೆಯ ರತ್ನವ್ವನನ್ನು ಕೂಡಿಸಿಕೊಂಡಳು. ಮಧ್ಯಾಹ್ನ ಬೇವಿನ ಗಿಡದ ನೆರಳಲ್ಲಿ ಎಲ್ಲರೂ ಕೂತು ಉಣ್ಣುವಾಗ ನಗು, ಚೇಷ್ಟೆ, ಒಬ್ಬರ ಕಾಲು ಒಬ್ಬರು ಎಳೆಯುವುದು. ರಾಯರು ಸ್ವಲ್ಪ ದೂರದಲ್ಲಿ ಬೇರೆ ಗಿಡದ ಕೆಳಗೆ ತಮ್ಮ ಹಿತ್ತಾಳೆಯ ಡಬ್ಬಿ ಬಿಚ್ಚುತ್ತಿದ್ದರು. ಬೆಳಿಗ್ಗೆ ತಾವೇ ಮಾಡಿಕೊಂಡ ಅವಲಕ್ಕಿ ಅಷ್ಟು ಹೊತ್ತಿಗೆ ಒಣಗಿ ಗರಿಗರಿಯಾಗಿರುತ್ತಿತ್ತು.

ಒಂದು ದಿನ ಮುರಿಗೆವ್ವ ಬುಟ್ಟಿ ಹಿಡಿದು ಅಲ್ಲಿಗೇ ಬಂದಳು.

"ರಾಯರ, ಬಿಸಿ ರೊಟ್ಟಿ ಅದಾವ್ರಿ. ಝುಣಕಾ ಹಚ್ಚಿ ಒಂದ ಕೊಡ್ಲೇನ್ರಿ?"

ರಾಯರ ಬಾಯಲ್ಲಿ ನೀರೂರಿತು. ಆದರೆ ಹುಟ್ಟಿದಂದಿನಿಂದ ಬೇರೆಯವರ ಮನೆಯ ಅಡುಗೆ ಅವರು ಮುಟ್ಟಿದವರಲ್ಲ. ಮುಟ್ಟಿದರೆ ಏನಾಗುತ್ತದೆ ಎಂದು ಯೋಚಿಸಿದವರೂ ಅಲ್ಲ. "ಬ್ಯಾಡವಾ, ನಂದು ಡಬ್ಬಿ ಅದ," ಎಂದರು. ಮುರಿಗೆವ್ವ ತಲೆಯಾಡಿಸಿ ಹೋದಳು. ಅವಳಿಗೆ ಬೇಸರವೇನೂ ಆದಂತೆ ಕಾಣಲಿಲ್ಲ. ಬೇಸರವಾದದ್ದು ರಾಯರಿಗೆ, ಯಾಕೆಂದು ಮಾತ್ರ ಅವರಿಗೆ ಗೊತ್ತಾಗಲಿಲ್ಲ.

ಮಿರಗದ ಮಳೆ ಬೀಳುವ ಮೊದಲೇ ರಸ್ತೆ ಮುಗಿಯಿತು. ರಾಯರು ಊರು ಬಿಡುವ ದಿನ ಚಾವಡಿಯ ಮುಂದೆ ಜನ ನೆರೆದರು, ಅಮೀನಸಾಬ ಒಂದು ಚೆಂಡುಹೂವಿನ ಮಾಲೆ ಹಾಕಿದ. ಹಾದಿಯುದ್ದಕ್ಕೂ ಮನೆಗಳ ಬಾಗಿಲಲ್ಲಿ ಹೆಂಗಸರು ನಿಂತು, 'ರಸ್ತಾದ ರಾಯರು ಹೊಂಟ್ರು ನೋಡ್ರವಾ' ಎಂದರು. ಆ ಸಂಜೆ ಸಪ್ತಾಪುರದ ಕೋಣೆಯ ಬೀಗ ತೆಗೆದಾಗ, ಇದನ್ನೆಲ್ಲ ಹೇಳಬೇಕೆಂದರೆ ಯಾರೂ ಇಲ್ಲ ಎನ್ನುವುದು ಅವರಿಗೆ ಥಟ್ಟನೆ ನೆನಪಾಯಿತು. ಆದ್ದರಿಂದ ಅವರು ಎಲ್ಲವನ್ನೂ ಕಚೇರಿಯ ವರದಿಯಲ್ಲಿ ಬರೆದರು. ಎಷ್ಟು ಬ್ರಾಸು ಖಡಿ, ಎಷ್ಟು ಚಕ್ಕಡಿ ಮುರುಮು ಎಂಬುದನ್ನೆಲ್ಲ ಬರೆದಾದ ಮೇಲೆ, ಯಾವ ಓವರಸಿಯರನೂ ಬರೆಯದಂಥ ಮಾತುಗಳನ್ನು ಸೇರಿಸಿದರು: ಕುಲುಮೆ ಹೊತ್ತಿಕೊಂಡದ್ದು, ಮಗ್ಗದ ಸದ್ದು, ರೊಟ್ಟಿಯ ಬುಟ್ಟಿ. 'ಈ ಕೆಲಸದಿಂದ ಒಂದು ಊರು ಜೀವ ಹಿಡಿಯಿತು' ಎಂದು ಕೊನೆಗೆ ಬರೆದು ಸಹಿ ಮಾಡಿದರು.

ಆಮೇಲೆ ಅವರನ್ನು ವಿಜಾಪುರಕ್ಕೆ ಹಾಕಿದರು, ಅಲ್ಲಿಂದ ಕಾರವಾರದ ಕಡೆಗೆ. ಎಲ್ಲಿ ಹೋದರೂ ಒಂದು ಕೋಣೆ, ಒಂದು ಸ್ಟೋವು. ಮೂವತ್ತೊಂಬತ್ತರಲ್ಲಿ ಪೆನ್ಶನ್ ತೆಗೆದುಕೊಂಡು ಮತ್ತೆ ಸಪ್ತಾಪುರಕ್ಕೇ ಬಂದರು. ಬೆಳಿಗ್ಗೆ ಕಾಲೇಜಿನ ಗುಡ್ಡದವರೆಗೆ ನಡೆದುಹೋಗಿ ಬರುವುದು, ವಾಚನಾಲಯದಲ್ಲಿ ಪತ್ರಿಕೆ ಓದುವುದು, ಮಧ್ಯಾಹ್ನ ಮಲಗಿ ಏಳುವುದು. ಕಾಲೇಜಿನ ಹುಡುಗರು ನಗುತ್ತ ಹಾದುಹೋದರೆ ರಾಯರು ಹಾದಿ ಬಿಟ್ಟು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಆ ನಾಲ್ಕು ವರ್ಷದಲ್ಲಿ ಅವರ ಮನೆಗೆ ಬಂದವರೆಂದರೆ ಟಪಾಲಿನವನು. ಅವನೂ ಬಾಗಿಲ ಆಚೆಯಿಂದಲೇ ಹೋಗುತ್ತಿದ್ದ. ಅಂಥ ದಿನಗಳಲ್ಲಿ ಅವರು ಬೈರಿದೇವರಕೊಪ್ಪದ ಆ ಬೇಸಿಗೆಯನ್ನು ಮೆಲುಕು ಹಾಕುತ್ತಿದ್ದರು. ತಮ್ಮ ಜೀವಮಾನದಲ್ಲಿ ನಾಲ್ಕು ಜನಕ್ಕೆ ಬೇಕಾಗಿದ್ದದ್ದು ಆ ಮೂರು ತಿಂಗಳು ಮಾತ್ರ ಎಂದು ಅವರಿಗೆ ಅನ್ನಿಸುತ್ತಿತ್ತು.

ನಲವತ್ತಮೂರರ ಆರಂಭದಲ್ಲಿ ಬೋರ್ಡಿನಿಂದ ಕರೆ ಬಂತು. ತರುಣ ಓವರಸಿಯರುಗಳೆಲ್ಲ ಯುದ್ಧದ ಕೆಲಸಗಳಿಗೆ ಹೋಗಿದ್ದರಿಂದ ನಿವೃತ್ತರನ್ನು ಮತ್ತೆ ತೆಗೆದುಕೊಳ್ಳುತ್ತಿದ್ದರು. ಈಗ ಅಲ್ಲಿ ಇಂಜಿನಿಯರ್ ಆಗಿದ್ದವರು ರಮಾಕಾಂತ. ಹಿಂದೊಮ್ಮೆ ರಾಯರ ಕೈಕೆಳಗೆ ಸರಪಳಿ ಹಿಡಿದು ಅಳತೆ ಕಲಿತ ಹುಡುಗ.

"ಈ ಸಲ ರಸ್ತೆಗಳಿಗೆ ಸಾಕಷ್ಟು ಗ್ರಾಂಟು ಬಂದದ ರಾಯರ," ಎಂದರು ರಮಾಕಾಂತ. "ಯಾವ ಕೆಲಸಾ ಹಿಡೀಬೇಕು ಅನ್ನೋದನ್ನ ನೀವ ಬರದು ಕೊಡ್ರಿ."

ರಾಯರು ಯೋಚಿಸಲು ಒಂದು ದಿನವನ್ನೂ ತೆಗೆದುಕೊಳ್ಳಲಿಲ್ಲ. ಬೈರಿದೇವರಕೊಪ್ಪದ ರಸ್ತೆಗೆ ಹೊಸದಾಗಿ ಖಡಿ ಹಾಕಿ, ಅಗಲ ಮಾಡಿ, ಗಾಮನಗಟ್ಟಿಯ ಆಚೆಗೂ ಒಯ್ಯಬೇಕೆಂದು ಬರೆದರು. ರಸ್ತೆ ಅಷ್ಟೇನೂ ಕೆಟ್ಟಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ತಮ್ಮ ಹಳೆಯ ವರದಿಯನ್ನು ಹುಡುಕಿಸಿ ತೆಗೆಸಿ ಅದಕ್ಕೆ ಲಗತ್ತಿಸಿದರು. ಹದಿನೈದು ದಿನದಲ್ಲಿ ಮಂಜೂರಿ ಬಂತು. ಮೊತ್ತ ಹಿಂದಿನದರ ಐದು ಪಟ್ಟು. ಆ ರಾತ್ರಿ ರಾಯರು ಎರಡು ಅಂಗಿಗಳಿಗೆ ತಾವೇ ಗುಂಡಿ ಹಚ್ಚಿಕೊಂಡರು. ಇನ್ನೊಂದು ವಿಷಯವನ್ನೂ ಮನಸ್ಸಿನಲ್ಲಿ ನಿಶ್ಚಯಿಸಿದರು. ಐವತ್ತೊಂಬತ್ತು ವರ್ಷ ಮಡಿ ಕಾಯ್ದು ಆಗಿತ್ತು. ಕಾಯ್ದದ್ದರಿಂದ ತಮಗೆ ದಕ್ಕಿದ್ದು ಒಂದು ಕೋಣೆ, ಒಂದು ಸ್ಟೋವು. ಈ ಸಲ ಮುರಿಗೆವ್ವ ಕೇಳಿದರೆ, ಕೇಳದಿದ್ದರೂ, ಅವಳ ರೊಟ್ಟಿ ಉಣ್ಣಬೇಕು, ಎಲ್ಲರ ಜೋಡಿ ಕೂತು.

ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದ ಮೋಟಾರು ಕೆಮ್ಮುತ್ತ ಕೆಮ್ಮುತ್ತ ಅವರನ್ನು ಬೈರಿದೇವರಕೊಪ್ಪದ ದಾರಿಯಲ್ಲಿ ಇಳಿಸಿತು. ಹಿಂದಿನ ದಿನವೇ ಡಂಗುರ ಸಾರಿಸಿದ್ದರು. ಚಾವಡಿಯ ಮುಂದೆ ಹೋಗಿ ನೋಡಿದರೆ ಒಂಬತ್ತು ಜನ ನಿಂತಿದ್ದರು. ಅವರಲ್ಲಿ ಐವರು ಮುದುಕರು, ಒಬ್ಬನಿಗೆ ಒಂದು ಕಣ್ಣಿಲ್ಲ. ಗುಡಿಯ ಕಟ್ಟೆ ಖಾಲಿಯಿತ್ತು. ಅದರ ಮೇಲೆ ಒಂದು ಮೇಕೆ ಮಲಗಿತ್ತು.

ಅಮೀನಸಾಬನನ್ನು ಹುಡುಕಿಕೊಂಡು ಹೋದರು. ಅವನ ಗಡ್ಡ ಬೆಳ್ಳಗಾಗಿತ್ತು, ಮೈಮೇಲೆ ಹೊಸ ಕೋಟು. ಅಂಗಳದಲ್ಲಿ ಅವನವೇ ಆರು ಚಕ್ಕಡಿ. ರಾಯರನ್ನು ಕಂಡು ಓಡಿಬಂದು ಕೈ ಹಿಡಿದುಕೊಂಡ.

"ಇದ್ದೀರೇನ್ರಿ ಎಪ್ಪಾ! ಇಷ್ಟ ವರ್ಷಕ್ಕ ನೆನಪಾತೇನ್ರಿ ನಮ್ಮೂರು?"

"ಅಮೀನಸಾಬ, ಕೆಲಸ ತಂದೇನಿ. ಮುನ್ನೂರು ಜನಕ್ಕ ಸಾಲುವಷ್ಟು. ಆದರ ಒಂಬತ್ತು ಮಂದಿ ಬಂದಾರಲ್ಲೋ?"

ಅಮೀನಸಾಬ ಕಟ್ಟೆಯ ಧೂಳು ಝಾಡಿಸಿ ಅವರನ್ನು ಕೂಡಿಸಿದ. "ಆ ಕಾಲ ಎಲ್ಲಿ ಐತ್ರಿ ಈಗ. ಹುಬ್ಬಳ್ಳಿ ಗಿರಣಿ ಮೂರೂ ಪಾಳಿ ನಡದೈತಿ, ಮಿಲಿಟ್ರಿ ಅರಿವಿ ನೇಯಾಕತ್ತಾರ. ಆ ಕಡೆ ಸಿಪಾಯಿಗಳ ಕ್ಯಾಂಪ ಕಟ್ಟಾಕ ಬಂದವರಿಗೆಲ್ಲಾ ಕೆಲಸ. ರೇಲ್ವೆದವರು ಮನಿಗೇ ಬಂದು ಕರೀತಾರ. ಕೈಕಾಲ ಗಟ್ಟಿ ಇದ್ದ ಒಬ್ಬ ಗಂಡಸ ಸುಮ್ಮನ ಕುಂತಿಲ್ರಿ. ನಿಮಗ ಆಳು ಬೇಕಂದ್ರ ಬ್ಯಾರೆ ಕಡೆಯಿಂದ ಎಳದು ತರಬೇಕು. ಆಳಿಗೆ ಹನ್ನೆರಡಾಣೆ, ಚಕ್ಕಡಿಗೆ ಎರಡೂವರಿ ರೂಪಾಯಿ ಕೊಡ್ರಿ. ನಾಳಿಗೇ ಬರ್ತಾರ."

ಕೂಲಿ ಮೂರು ಪಟ್ಟು! ರಾಯರು ಅಂಜುತ್ತಲೇ ಕಚೇರಿಗೆ ಬರೆದರು. ಮರು ಟಪಾಲಿಗೇ ಒಪ್ಪಿಗೆ ಬಂತು. ಅಲ್ಲಿ ಯಾರೂ ಏಕೆ ಎಂದು ಸಹ ಕೇಳಲಿಲ್ಲ.

ಜನ ಬಂದರು. ಹೆಚ್ಚಾಗಿ ಹೆಂಗಸರು, ಹೊಲದ ಕಸ ಬಿಟ್ಟು ಬಂದವರು, ರಾಟಿ ಬಿಟ್ಟು ಬಂದವರು. ಅವರಲ್ಲಿ ರತ್ನವ್ವನೂ ಇದ್ದಳು. ಚಕ್ಕಡಿಗಳೂ ಬಂದುವು, ಇಪ್ಪತ್ತರವರೆಗೆ. ಕೆಲಸವೇನೋ ನಡೆಯಿತು. ಆದರೆ ರಾಯರು ಹಂಬಲಿಸಿ ಬಂದದ್ದು ಅಲ್ಲಿ ಇರಲಿಲ್ಲ. ಜನ ತಡವಾಗಿ ಬರುವರು, ಲಗುಬಗೆಯಿಂದ ಖಡಿ ಒಡೆಯುವರು, ಬಿಸಿಲು ಇಳಿಯುವ ಮೊದಲೇ ಹೊರಡುವರು. ಮಧ್ಯಾಹ್ನ ಗಿಡದ ಕೆಳಗೆ ಒಬ್ಬೊಬ್ಬರೇ ಮುಖ ಆ ಕಡೆ ಮಾಡಿಕೊಂಡು ಕುದಿಸಿದ ಗೆಣಸನ್ನೋ ಚುರುಮುರಿಯನ್ನೋ ತಿನ್ನುವರು. ರಾಯರು ಹತ್ತಿರ ಹೋಗಿ ಕೂತರೆ ಮಾತು ನಿಲ್ಲುತ್ತಿತ್ತು. 'ಇವರ್ಯಾರು?' ಎಂದು ಒಬ್ಬ ಹೊಸ ಹುಡುಗಿ ಕೇಳಿದ್ದಕ್ಕೆ, 'ಬೋರ್ಡಿನವರು' ಎಂದಳು ಇನ್ನೊಬ್ಬಳು.

"ಮುರಿಗೆವ್ವ ರೊಟ್ಟಿ ತರೂದಿಲ್ಲೇನು?" ಎಂದು ಅವರು ರತ್ನವ್ವನನ್ನು ಕೇಳಿದರು.

"ಆಕಿ ಈಗ ದೊಡ್ಡ ರಸ್ತಾದ ಮ್ಯಾಲೆ ಖಾನಾವಳಿ ಇಟ್ಟಾಳ್ರಿ," ಎಂದಳು ರತ್ನವ್ವ. ಮತ್ತೆ ಏನೋ ಹೇಳಹೋಗಿ ಸುತ್ತಿಗೆ ಎತ್ತಿಕೊಂಡಳು.

ಮರುದಿನ ರಾಯರು ಡಬ್ಬಿ ತರಲಿಲ್ಲ. ಮಧ್ಯಾಹ್ನ ಕೈಕಾಲು ತೊಳೆದುಕೊಂಡು ಹುಬ್ಬಳ್ಳಿ-ಧಾರವಾಡದ ದೊಡ್ಡ ರಸ್ತೆಯ ಬದಿಗೆ ನಡೆದರು. ತಗಡಿನ ಮಾಡಿನ ಒಂದೇ ಕೋಣೆ, ಮುಂದೆ ಎರಡು ಹಾಸುಗಲ್ಲು. ಮುರಿಗೆವ್ವ ಹೊಸ್ತಿಲಲ್ಲಿ ಕೂತು ಖಾಲಿ ಮೊರದಲ್ಲಿ ಬೆರಳಾಡಿಸುತ್ತಿದ್ದಳು. ರಾಯರನ್ನು ಗುರುತಿಸಲು ಅವಳಿಗೆ ತುಸು ಹೊತ್ತು ಹಿಡಿಯಿತು. ಗುರುತು ಹತ್ತಿದ ಕೂಡಲೇ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಬರ್ರಿ ರಾಯರ, ಬರ್ರಿ. ನೀವು ಬಂದೀರಂತ ಕೇಳಿದ್ದೆ."

"ಊಟಕ್ಕ ಬಂದೇನಿ ಮುರಿಗೆವ್ವಾ," ಎಂದರು ರಾಯರು. ಹೇಳುವಾಗ ಅವರ ಮುಖ ಕೆಂಪಗಾಯಿತು. "ನಿನ್ನ ರೊಟ್ಟಿ ಉಣ್ಣಬೇಕಂತ ಬಂದೇನಿ."

ಮುರಿಗೆವ್ವ ಅವರನ್ನೇ ನೋಡಿದಳು. ಅವಳಿಗೂ ಏನೋ ನೆನಪಾಗಿರಬೇಕು. ಆಮೇಲೆ ಮುಖ ಕೆಳಗೆ ಹಾಕಿದಳು.

"ಇವತ್ತ ಒಲಿ ಹಚ್ಚಿಲ್ರಿ ಎಪ್ಪಾ. ನಾಕ ದಿನಾ ಆತು. ಜೋಳ ಸಿಗವಲ್ದು."

"ರೊಕ್ಕದ ಅಡಚಣೀನೇನು?"

"ಇಲ್ರಿ. ಉಣ್ಣಾವ್ರು ಇಮ್ಮಡಿ ಕೊಡ್ತೇವಿ ಅಂತಾರ. ಗಿರಣಿ ಮಂದಿ ಹಂತ್ಯಾಕ ರೊಕ್ಕ ಭಾಳ ಐತ್ರಿ ಈಗ. ಆದ್ರ ಕುಬೇರಪ್ಪಗೋಳ ಅಂಗಡ್ಯಾಗ ಜೋಳಾನ ಇಲ್ಲ. ಬಂದ ದಿನಾ ಅಂಗಡಿ ಮುಂದ ಬಡದಾಟ. ಹೋದ ತಿಂಗಳ ರೂಪಾಯಿಗೆ ಆರು ಸೇರು ಇತ್ತು, ಈಗ ಮೂರೂ ಬರೂದಿಲ್ಲ." ಸ್ವಲ್ಪ ತಡೆದು, ಬೇಡ ಬೇಡವೆನ್ನುವ ಹಾಗೆ ಹೇಳಿದಳು: "ರೊಟ್ಟಿ ಬಡಿಯೋ ಹೆಣ್ಮಕ್ಕಳೂ ಬಿಟ್ಟ ಹೋದ್ರು. ಖಡಿ ಒಡದ್ರ ಹನ್ನೆರಡಾಣೆ ಸಿಗತೈತಿ. ನಾ ಎಲ್ಲಿಂದ ಕೊಡ್ಲಿ ಅಷ್ಟು? ಅವರದೇನೂ ತಪ್ಪಿಲ್ಲ ಬಿಡ್ರಿ."

ರಾಯರು ಹಾಸುಗಲ್ಲಿನ ಮೇಲೆ ಕೂತರು. ಅವಳು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ತಂದಿಟ್ಟಳು. ಅವರು ಬೆಲ್ಲ ತಿಂದು, ಅವಳ ತಂಬಿಗೆಯಿಂದಲೇ ನೀರು ಕುಡಿದರು.

ಅಲ್ಲಿಂದ ನೆಟ್ಟಗೆ ಕುಬೇರಪ್ಪನ ಮನೆಗೆ ಹೋದರು. ಜೋಳ ಅಡಗಿಸಿಟ್ಟಿದ್ದಾನೆಂದೇ ಅವರ ಸಂಶಯ. ಕುಬೇರಪ್ಪ ಸಿಟ್ಟಾಗಲಿಲ್ಲ. ಅವರನ್ನು ಅಂಗಳಕ್ಕೆ ಕರೆದೊಯ್ದು ಹಗೇವಿನ ಬಾಯ ಮೇಲಿನ ಕಲ್ಲು ಸರಿಸಿ, "ಇಣಿಕಿ ನೋಡ್ರಿ" ಎಂದ. ಕೆಳಗೆ ಕತ್ತಲೆ, ತಳದಲ್ಲಿ ಒಂದಿಷ್ಟು ಹೊಟ್ಟು.

"ಆ ವರ್ಷದ ನೆನಪ ಇಟಗೊಂಡ ಬಂದೀರಿ ನೀವು," ಎಂದ ಕುಬೇರಪ್ಪ. "ಆವಾಗ ನನ್ನ ಹಗೇವು ತುಂಬಿ ಹುಳಿ ನಾರತಿತ್ತು, ಕೊಳ್ಳಾವ್ರಿಗೆ ಗತಿ ಇರಲಿಲ್ಲ. ನೀವು ಕೊಟ್ಟ ನಾಕಾಣೆ ಬಂದು ಆ ಕಲ್ಲ ಎತ್ತಿತು. ಈಗ ಜೋಳಾ ಅರ್ಧ ಸರಕಾರದವರ ಒಯ್ದಾರ. ಉಳದದ್ದು ನವಲಗುಂದದಾಗ ನಮ್ಮ ಬೀಗರ ಮನ್ಯಾಗ ಬಿದ್ದೈತಿ, ಎಂಟ ಚಕ್ಕಡಿ ಮಾಲು. ಪರವಾನಿಗಿನೂ ಕೈಯಾಗ ಐತಿ. ತರಾಕ ಚಕ್ಕಡಿ ಎಲ್ಲಿ ಅದಾವ್ರಿ? ಒಂದೂವರಿ ರೂಪಾಯಿಗೆ ಜೋಳ ಹೇರತಿದ್ದ ಮಂದಿ ಈಗ ಎರಡೂವರಿಗೆ ನಿಮ್ಮ ಕಲ್ಲ ಹೇರಾಕತ್ತಾರ. ನಾನೂ ಅಷ್ಟ ಕೊಟ್ಟ ತರಿಸಿದ್ರ, ಅದನ್ನ ಜೋಳದ ಮ್ಯಾಲೆ ಹಾಕಬೇಕಾಕ್ಕೈತಿ. ಹಾಕಿದ್ರ ಮಂದಿ ನನಗ ಬೈತಾರ."

ರಾಯರು ಹಗೇವಿನ ಬಾಯ ಬಳಿ ಕುಕ್ಕರಿಸಿದರು. ತಮ್ಮ ಕೈಯಿಂದಲೇ ಬರೆದ ಕಾಗದ, ತಾವೇ ಲಗತ್ತಿಸಿದ ಹಳೆಯ ವರದಿ, ಕೂಲಿ ಏರಿಸಲು ತಾವೇ ಹಾಕಿದ ಸಹಿ, ಒಂದೊಂದಾಗಿ ನೆನಪಾದುವು. ಈ ಊರಿಗೆ ಈ ಸಲ ರಸ್ತೆ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ತಮಗೆ.

ಮರುದಿನವೇ ಧಾರವಾಡಕ್ಕೆ ಹೋಗಿ ರಮಾಕಾಂತರ ಮುಂದೆ ನಿಂತರು.

"ಕೆಲಸಾ ನಿಲ್ಲಸೋಣ ಸಾಹೇಬ್ರ. ಈ ರೊಕ್ಕಾ ಹಂಗ ಇಡ್ರಿ. ಯುದ್ಧ ಮುಗದ ಮ್ಯಾಲೆ ಗಿರಣಿ ಪಾಳಿ ಇಳಸ್ತಾರ, ಕ್ಯಾಂಪ ಕಿತ್ತ ತಗೀತಾರ. ಆವಾಗ ಗುಡಿ ಕಟ್ಟಿ ಮ್ಯಾಲೆ ಮತ್ತ ಜನಾ ಬಂದು ಕೂಡ್ತಾರ. ಆವಾಗ ತಗೀರಿ ಇದನ್ನ. ಆವಾಗ ಇದು ಔಷಧ ಆಗ್ತದ. ಈಗ ತೊಂದರಿ ಮಾಡಲಿಕ್ಕತ್ತದ."

ರಮಾಕಾಂತ ಅವರನ್ನು ಕೂಡಿಸಿ ಚಹಾ ತರಿಸಿದರು. ಕಡತ ತೆಗೆದು ಹಳೆಯ ವರದಿಯನ್ನು ಮುಂದಿಟ್ಟರು. "ಊರು ಜೀವ ಹಿಡೀತು ಅಂತ ನೀವ ಬರದೀರಿ. ಇದನ್ನ ಓದೇ ನಾ ಮ್ಯಾಲಿನವರಿಗೆ ಶಿಫಾರಸು ಮಾಡಿದ್ದು."

"ಖರೇ ಬರದೇನಿ. ಆದರ ಅದು ಆ ವರ್ಷದ ಮಾತು."

"ನೀವು ಹೇಳೋದು ನನಗ ತಿಳೀತದ ರಾಯರ. ಆದರ ಯುದ್ಧ ಮುಗದ ಮ್ಯಾಲೆ ಈ ರೊಕ್ಕಾ ಇರೂದಿಲ್ಲ. ಆವಾಗ ಕಾಟಕಸರ ಮಾಡ್ರಿ, ಖರ್ಚು ಇಳಸ್ರಿ ಅಂತ ಹುಕುಮ್ ಬರ್ತದ. ಸರಕಾರದ ಕೈ ಸಡಿಲ ಇದ್ದಾಗ ನಾವು ಖರ್ಚು ಮಾಡಬೇಕು, ಬಿಗಿ ಆದಾಗ ಸುಮ್ಮನ ಕೂಡಬೇಕು. ಮೂವತ್ತೆರಡರಾಗ ನಿಮಗ ಸಿಕ್ಕದ್ದು ಏನೋ ಪುಣ್ಯಾ." ಅವರ ದನಿಯಲ್ಲಿ ಕಠೋರತೆ ಇರಲಿಲ್ಲ. "ಮಾರ್ಚದ ಒಳಗ ಮುಗಿಸಿಬಿಡ್ರಿ."

ರಾಯರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಬೈರಿದೇವರಕೊಪ್ಪಕ್ಕೆ ಬಂದು, ಮೂವತ್ತು ವರ್ಷದ ನೌಕರಿಯಲ್ಲಿ ಎಂದೂ ಮಾಡದ ಕೆಲಸ ಮಾಡಿದರು. ಕಲ್ಲು ಹೇರುವುದನ್ನು ಎಂಟು ದಿನ ಬಂದ್ ಮಾಡಿದ್ದೇವೆಂದು ಸಾರಿ, ಚಕ್ಕಡಿಯವರೆಲ್ಲ ನವಲಗುಂದಕ್ಕೆ ಹೋಗಿ ಜೋಳ ತರಬೇಕೆಂದು ಅಮೀನಸಾಬನಿಗೆ ಹೇಳಿದರು.

"ನನ್ನ ಎರಡು ಚಕ್ಕಡಿ ಕಳಸ್ತೇನ್ರಿ, ನಿಮ್ಮ ಮಾತಿಗೆ," ಎಂದ ಅಮೀನಸಾಬ. "ಉಳದವರು ಹೋಗೂದಿಲ್ಲ. ನೀವು ಬಂದ್ ಮಾಡಿದ್ರ ಅವರು ಕ್ಯಾಂಪಿಗೆ ಹೊಕ್ಕಾರ. ಅಲ್ಲಿ ಮೂರ ರೂಪಾಯಿ ಕೊಡಾಕತ್ತಾರ."

ಹಾಗೆಯೇ ಆಯಿತು. ಮರುದಿನ ಬೆಳಿಗ್ಗೆ ಹದಿನೆಂಟು ಚಕ್ಕಡಿ ಕ್ಯಾಂಪಿನ ಕಡೆ ಹೋದುವು. ಎರಡು ನವಲಗುಂದದ ದಾರಿ ಹಿಡಿದುವು. ಐದನೆಯ ದಿನ ಆ ಎರಡು ಚಕ್ಕಡಿ ಜೋಳ ಬಂದು, ಕುಬೇರಪ್ಪನ ಅಂಗಡಿಯಲ್ಲಿ ಒಂದು ಮುಂಜಾನೆಯೊಳಗೆ ಖರ್ಚಾಯಿತು. ಮುರಿಗೆವ್ವನಿಗೆ ಸಿಕ್ಕದ್ದು ಮೂರು ಸೇರು.

ಕಲ್ಲು ಬಾರದೆ ಖಡಿ ಒಡೆಯುವ ಹೆಂಗಸರಿಗೂ ಕೆಲಸ ನಿಂತಿತ್ತು. ಆರನೆಯ ದಿನ ಅವರೆಲ್ಲ ಚಾವಡಿಗೆ ಬಂದರು. ಮುಂದೆ ರತ್ನವ್ವ.

"ನೀವು ಯಾರಿಗೆ ಛಲೋ ಮಾಡಾಕ ಹೊಂಟೀರಿ ರಾಯರ? ಆವಾಗ ಜೋಳ ಸೋವಿ ಇತ್ತು, ಕೂಲಿ ಇಲ್ಲದ ಉಪವಾಸ ಇದ್ವಿ. ಈಗ ಜೋಳ ತುಟ್ಟಿ ಆಗೇತಿ, ಅದಕ್ಕ ಕೂಲಿ ಬೇಕು. ನೀವ ತುಟ್ಟಿ ಮಾಡಿದ್ರಿ, ನೀವ ಕೂಲಿ ಬಂದ್ ಮಾಡಿದ್ರಿ. ನಾವು ಏನ ತಿನ್ನೋಣ ಹೇಳ್ರಿ?"

ಅವಳ ಮಾತಿನಲ್ಲಿ ಒಂದಕ್ಷರವೂ ಸುಳ್ಳಾಗಿರಲಿಲ್ಲ. ಕೊಂಡಾಡಿದ ಜನರೇ ಬೈದರೆಂಬ ನೋವಿಗಿಂತ, ಸರಿಮಾಡಲು ಹೋದದ್ದೂ ಸರಿಯಾಗಲಿಲ್ಲವಲ್ಲ ಎಂಬುದು ಅವರನ್ನು ಹಿಂಡಿತು. "ನಾಳಿಂದ ಕೆಲಸಾ ಸುರು ಮಾಡಸ್ತೇನಿ," ಎಂದು ತಲೆ ತಗ್ಗಿಸಿ ಹೇಳಿದರು.

ಸುರು ಮಾಡಿಸಿದವರು ಬೇರೊಬ್ಬ ಓವರಸಿಯರ್. ರಾಯರಿಗೆ ಕಚೇರಿಯಿಂದ ಕಾಗದ ಬಂದಿತ್ತು. ವಯಸ್ಸಿನ ದೃಷ್ಟಿಯಿಂದ ಅವರನ್ನು ಬಿಡುಗಡೆ ಮಾಡಲಾಗಿದೆಯೆಂದು. ರಮಾಕಾಂತ ಅದನ್ನು ಮರ್ಯಾದೆಯಿಂದಲೇ ಬರೆಸಿದ್ದರು.

ಹಾಸಿಗೆಯ ಸುರುಳಿ ಬಗಲಲ್ಲಿಟ್ಟುಕೊಂಡು ದೊಡ್ಡ ರಸ್ತೆಗೆ ಬಂದಾಗ ಖಾನಾವಳಿಯ ಬಾಗಿಲಿಗೆ ಬೀಗ ಇತ್ತು. ಎದುರಿನ ಗಿಡದ ಕೆಳಗೆ ಒಂದು ಗಂಟು, ಒಂದು ಹಂಚು, ರೊಟ್ಟಿಯ ಹಿಟ್ಟು ನಾದುವ ಒಂದು ಕೊಮಣಿಗೆ ಇಟ್ಟುಕೊಂಡು ಮುರಿಗೆವ್ವ ಹುಬ್ಬಳ್ಳಿಯ ಕಡೆಯ ಮೋಟಾರಿಗೆ ಕಾಯುತ್ತಿದ್ದಳು.

"ಅಣ್ಣಿಗೇರಿಗೆ ಹೊಂಟೇನ್ರಿ, ನಮ್ಮ ತಂಗಿ ಮನಿಗೆ," ಎಂದಳು. "ಅವರದು ಹೊಲಾ ಐತಿ. ಉಣ್ಣಾಕರ ಸಿಗತೈತಿ."

"ಮತ್ತ ಬರ್ತಿಯೇನು?"

"ಯಾರಿಗ್ಗೊತ್ತು?" ರಸ್ತೆಯನ್ನೇ ನೋಡುತ್ತ ಅವಳು ಹೇಳಿದಳು: "ರತ್ನವ್ವ ಅಂದದ್ದನ್ನ ಮನಸಿನ್ಯಾಗ ಇಟಗೋಬ್ಯಾಡ್ರಿ. ಮನ್ಯಾಗ ನಾಕ ಮಕ್ಕಳು ಅದಾವ ಆಕಿಗೆ. ನನಗೂ ನಿಮ್ಮ ಮ್ಯಾಲೆ ಸಿಟ್ಟಿಲ್ಲ. ಆದ್ರ ನಿಮ್ಮ ಕೆಲಸಾ ಬರದಿದ್ರ ಛಲೋ ಇತ್ತು, ಅದ ಖರೇ."

"ಹೌದು," ಎಂದರು ರಾಯರು.

ಅಣ್ಣಿಗೇರಿಯಲ್ಲಿ ಯಾರ ಮನೆ, ಯಾವ ಓಣಿ ಎಂದು ಕೇಳಬೇಕೆಂದು ರಾಯರಿಗೆ ಬಹಳ ಅನ್ನಿಸಿತು. ಯಾಕೆ ಎಂದು ಅವಳು ಮರಳಿ ಕೇಳಿಯಾಳೆಂದು ಅಂಜಿ ಬಿಟ್ಟರು. ಅವಳ ಮೋಟಾರು ಮೊದಲು ಬಂತು. ಗಂಟನ್ನು ಎತ್ತಿ ಮೇಲೆ ಕೊಡಲು ಅವರು ಕೈ ಹಚ್ಚಿದರು. ಹತ್ತಿ ಕೂತ ಮೇಲೆ ಅವಳು ಕಿಟಕಿಯಿಂದ, "ಮೈ ಕಡೆ ನೋಡ್ಕೊರಿ ರಾಯರ" ಎಂದಳು. ಧೂಳು ಇಳಿಯುವವರೆಗೆ ಅವರು ಅಲ್ಲೇ ನಿಂತಿದ್ದರು.

ಮಾರ್ಚಿನಲ್ಲಿ ರಸ್ತೆ ಮುಗಿಯಿತೆಂದು ರಾಯರು ಪತ್ರಿಕೆಯಲ್ಲಿ ಓದಿದರು. ಆ ವರ್ಷವೆಲ್ಲ ಅವರ ಪೆನ್ಶನ್ನಿನಲ್ಲಿ ಬರುವ ಸಾಮಾನು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತ ಹೋಯಿತು. ಮೊದಲು ಹಾಲು ಬಿಟ್ಟರು, ಆಮೇಲೆ ರಾತ್ರಿಯ ಊಟ. ಬೋರ್ಡಿಗೆ ಒಂದು ದೊಡ್ಡ ಕಾಗದ ಬರೆದರು. ಇಂಥ ಕೆಲಸಗಳ ಪಟ್ಟಿಯನ್ನು ಈಗಲೇ ಮಾಡಿಟ್ಟು, ಜನ ಕೆಲಸವಿಲ್ಲದೆ ಕೂತ ದಿನ ಹೊರತೆಗೆಯಬೇಕೆಂದು. ನಿಮ್ಮ ಪತ್ರ ತಲುಪಿದೆ ಎಂದು ಒಂದು ಸಾಲಿನ ಉತ್ತರ ಬಂತು.

ಧಾರವಾಡದಲ್ಲಿ ರೇಶನ್ ಸುರುವಾದ ದಿನ ರಾಯರು ಚೀಲ ಹಿಡಿದು ಸಾಲಿನಲ್ಲಿ ನಿಂತರು. ಮುಂದಿದ್ದವಳು ಕಂಕುಳಲ್ಲಿ ಒಂದು ಮಗು, ಕೈಯಲ್ಲಿ ಇನ್ನೊಂದನ್ನು ಹಿಡಿದು, ಮನೆಯ ಏಳು ಹೆಸರು ಬರೆಸಿಹೋದಳು. ಇವರ ಪಾಳಿ ಬಂದಾಗ ಕಾರಕೂನ ತಲೆ ಎತ್ತದೆ ಕೇಳಿದ:

"ಹೆಸರು?"

"ತ್ರ್ಯಂಬಕ."

"ಮನ್ಯಾಗ ಎಷ್ಟ ಮಂದಿರಿ?"

ರಾಯರು ಗಂಟಲು ಸರಿಮಾಡಿಕೊಂಡು, "ಒಬ್ಬನ" ಎಂದರು.

ಕಾರಕೂನ ಈಗ ತಲೆ ಎತ್ತಿ ಅವರನ್ನು ನೋಡಿದ. ಕಾರ್ಡಿನಲ್ಲಿ ಒಂದರ ಅಂಕಿ ಬರೆದು, ಕೆಳಗಿನ ಸಾಲುಗಳ ಮೇಲೆ ಅಡ್ಡಗೆರೆ ಎಳೆದುಕೊಟ್ಟ. ರಾಯರು ಅದನ್ನು ಜೋಪಾನವಾಗಿ ಮಡಚಿ ಕಿಸೆಯಲ್ಲಿಟ್ಟುಕೊಂಡು, ತಕ್ಕಡಿಯ ಮುಂದೆ ಚೀಲದ ಬಾಯಿ ತೆರೆದು ನಿಂತರು.